ಕೇಶವರಾವ್ ಭೋಸಲೆ: ನಟನ ಹೆಸರು ಹೊತ್ತ ರಂಗಮಂದಿರ

ಕವಿ ಕಾಲವಶನಾದರೂ ಕಾವ್ಯ ಉಳಿಯುತ್ತದೆ. ಶಿಲ್ಪಿ ಅಳಿದರೂ ಶಿಲೆ ನಿಲ್ಲುತ್ತದೆ. ನಟನ ಭಾಗ್ಯ ಅಂಥದಲ್ಲ. ಅವನನ್ನು ಕಣ್ಣಾರೆ ಕಂಡವರು ಇರುವವರೆಗೆ ಅವನ ಕಲೆ. ಅವರೂ ಹೋದ ಮೇಲೆ ಉಳಿಯುವುದು ಬರಿಯ ಹೆಸರು. ಆ ಹೆಸರನ್ನಾದರೂ ಒಂದು ಊರು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದರೆ ಅದು ದೊಡ್ಡ ಮಾತು. ಕೊಲ್ಲಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ ಅಂಥದೊಂದು ಸ್ಮಾರಕ. ಮರಾಠಿ ರಂಗಭೂಮಿಯ ಈ ಗಾಯಕನಟರ ಜೀವನದ ಒಂದು ಮುಖ್ಯ ಘಟ್ಟ ನಮ್ಮ ಹುಬ್ಬಳ್ಳಿಯಲ್ಲಿ ನಡೆಯಿತೆಂಬುದರಿಂದ, ಅವರ ಚರಿತ್ರೆ ನಮಗೂ ಸಂಬಂಧಿಸಿದ್ದೆಂದು ನಾನು ಭಾವಿಸುತ್ತೇನೆ.

ಕೇಶವರಾಯರು ಜನಿಸಿದ್ದು ಕೊಲ್ಲಾಪುರದಲ್ಲಿ, ೧೮೯೦ರ ಆಗಸ್ಟ್ ೯ರಂದು. ಆಟಪಾಠಗಳ ವಯಸ್ಸಿನಲ್ಲಿಯೇ ಅವರು ಸ್ವದೇಶ ಹಿತಚಿಂತಕ ನಾಟಕ ಮಂಡಳಿಯನ್ನು ಸೇರಿದರು. ಹೆಂಗಸರು ರಂಗವೇರದಿದ್ದ ಆ ಕಾಲದಲ್ಲಿ ಸ್ತ್ರೀಪಾತ್ರಗಳು ಎಳೆಯ ಹುಡುಗರ ಪಾಲಿಗೆ ಬರುತ್ತಿದ್ದವು. ಗೋವಿಂದ ಬಲ್ಲಾಳ ದೇವಲರ ‘ಶಾರದಾ’ ನಾಟಕದಲ್ಲಿ, ಮುದುಕನಿಗೆ ಮಾರಾಟವಾಗಲಿದ್ದ ಮುಗ್ಧಕನ್ಯೆ ಶಾರದೆಯ ಪಾತ್ರವನ್ನು ವಹಿಸಿ ಬಾಲಕ ಕೇಶವ ಪ್ರಖ್ಯಾತನಾದನು. ಸಮಾಜದ ಒಂದು ಕ್ರೂರ ರೂಢಿಯನ್ನು ಎತ್ತಿ ತೋರಿಸಿದ ನಾಟಕವದು. ಬೋಧೆಯಿಂದ ಕರಗದ ಮನಸ್ಸು ಹಾಡಿನಿಂದ ಕರಗುವುದುಂಟು. ಆ ಕಾರ್ಯ ಈ ಹುಡುಗನ ಕೊರಳಿಗೆ ಒಲಿದು ಬಂದಿತ್ತು.

೧೯೦೮ರ ಜನವರಿ ೧ರಂದು, ಇನ್ನೂ ಹದಿನೆಂಟು ತುಂಬದ ಕೇಶವರಾಯರು ಹುಬ್ಬಳ್ಳಿಯಲ್ಲಿ ‘ಲಲಿತಕಲಾದರ್ಶ’ ಎಂಬ ಸ್ವಂತ ನಾಟಕ ಮಂಡಳಿಯನ್ನು ಕಟ್ಟಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮರಾಠಿ ಸಂಗೀತ ನಾಟಕಗಳಿಗೆ ಈ ಸೀಮೆಯಲ್ಲಿ ರಸಿಕರು ತುಂಬಿದ್ದರು. ಆ ಸಂಗೀತ ನಾಟಕಪರಂಪರೆಯನ್ನು ಆರಂಭಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿಯೇ. ನಾವು ತರಗತಿಯಲ್ಲಿ ನಾಟಕದ ಚರಿತ್ರೆಯನ್ನು ಭಾಷೆ ಭಾಷೆಗೆ ಬೇಲಿ ಹಾಕಿ ಪಾಠ ಹೇಳುತ್ತೇವೆ. ಆದರೆ ಬಂಡಿಯ ಮೇಲೆ ಪರದೆ ಪೆಟ್ಟಿಗೆಗಳನ್ನು ಹೇರಿಕೊಂಡು ಊರೂರು ಅಲೆದ ನಟರಿಗೆ ಅಂಥ ಬೇಲಿ ಅಡ್ಡಬರಲಿಲ್ಲ.

ಕಂಪನಿಯ ಒಡೆಯರಾದ ಮೇಲೂ ಕೇಶವರಾಯರ ವಿದ್ಯಾರ್ಥಿತನ ಹೋಗಲಿಲ್ಲ. ರಾಮಕೃಷ್ಣಬುವಾ ವಝೆಯವರಲ್ಲಿ ಅವರು ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದರು. ಹೊಸ ನಾಟಕಕಾರರನ್ನು ಬರೆಯಿಸಿದರು. ಮಾಮಾ ವರೇರಕರರ ನಾಟಕಗಳನ್ನು ರಂಗಕ್ಕೆ ತಂದರು. ಅವುಗಳಲ್ಲೊಂದಾದ ‘ಹಾಚ್ ಮುಲಾಚಾ ಬಾಪ್’ ವರದಕ್ಷಿಣೆಯ ಪಿಡುಗನ್ನು ಕುರಿತದ್ದು. ಶಾರದೆಯಾಗಿ ಹಾಡಿದ ಹುಡುಗ ಆ ಕಾಳಜಿಯನ್ನು ಬೆಳೆದ ಮೇಲೂ ಬಿಡಲಿಲ್ಲವೆಂದು ಹೇಳಬಹುದು.

ಇತ್ತ ಕೊಲ್ಲಾಪುರದಲ್ಲಿ ಶಾಹೂ ಛತ್ರಪತಿಗಳು ೧೯೧೩ರಿಂದ ೧೯೧೫ರವರೆಗೆ ಊರ ನಡುವೆ ಒಂದು ವಿಶಾಲವಾದ ನಾಟಕಶಾಲೆಯನ್ನು ಕಟ್ಟಿಸಿದರು. ೧೯೦೨ರಲ್ಲಿ ಯೂರೋಪಿನ ಪ್ರವಾಸ ಮಾಡಿ ಬಂದಿದ್ದ ಅರಸರು ಅವರು. ಕಟ್ಟಡಕ್ಕೆ ಪ್ಯಾಲೇಸ್ ಥಿಯೇಟರ್ ಎಂದು ಹೆಸರು. ಅದಕ್ಕೆ ಹೊಂದಿಕೊಂಡೇ ಖಾಸಬಾಗದ ಕುಸ್ತಿ ಮೈದಾನ. ಗರಡಿಯೂ ರಂಗವೂ ಒಂದೇ ಅಂಗಳದಲ್ಲಿರಬೇಕೆಂಬ ಆ ದೃಷ್ಟಿ ಪ್ರಶಂಸನೀಯವಾದುದು.

೧೯೨೧ರ ಜುಲೈ ೮ರಂದು ಮುಂಬಯಿಯಲ್ಲಿ ತಿಲಕ್ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ ಖಾಡಿಲಕರರ ‘ಮಾನಾಪಮಾನ’ ನಾಟಕ ಪ್ರಯೋಗವಾಯಿತು. ಪ್ರತಿಸ್ಪರ್ಧಿಗಳೆನಿಸಿದ್ದ ಎರಡು ಮಂಡಳಿಗಳ ನಾಯಕರು ಅಂದು ಒಂದೇ ರಂಗದ ಮೇಲೆ ನಿಂತರು: ಭಾಮಿನಿಯಾಗಿ ಬಾಲಗಂಧರ್ವರು, ಧೈರ್ಯಧರನಾಗಿ ಕೇಶವರಾಯರು. ವೃತ್ತಿಯ ಪೈಪೋಟಿಯನ್ನು ದೇಶಕಾರ್ಯಕ್ಕಾಗಿ ಬದಿಗಿಟ್ಟ ಆ ರಾತ್ರಿ ಮರಾಠಿ ರಂಗಭೂಮಿಯ ಐತಿಹ್ಯವಾಗಿ ಉಳಿದಿದೆ. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ ೪ರಂದು, ಕೇಶವರಾಯರು ತೀರಿಕೊಂಡರು. ವಯಸ್ಸು ಮೂವತ್ತೊಂದು. ಬಾಪೂರಾವ್ ಪೆಂಢಾರಕರರು ಲಲಿತಕಲಾದರ್ಶದ ಹೊಣೆ ಹೊತ್ತು ಅದನ್ನು ಮುನ್ನಡೆಸಿದರು.

ಪ್ಯಾಲೇಸ್ ಥಿಯೇಟರಿಗೆ ಕೇಶವರಾಯರ ಹೆಸರು ಬಂದದ್ದು ೧೯೫೭ರಲ್ಲಿ. ಅರಸನು ಕಟ್ಟಿಸಿದ ಮಂದಿರಕ್ಕೆ ನಟನ ಹೆಸರು ಸಂದಿತು. ಅಲ್ಲಿಂದ ಮುಂದೆ ಅನೇಕ ತಲೆಮಾರುಗಳ ನಟರು ಅಲ್ಲಿ ಬಣ್ಣ ಹಚ್ಚಿದರು. ಕಟ್ಟಡವೂ ಕಾಲಕಾಲಕ್ಕೆ ಜೀರ್ಣೋದ್ಧಾರಗೊಂಡಿತು. ಆದರೆ ೨೦೨೪ರ ಆಗಸ್ಟ್ ೮ರ ರಾತ್ರಿ, ಕೇಶವರಾಯರ ಜನ್ಮದಿನಕ್ಕೆ ಕೆಲವೇ ಗಂಟೆಗಳಿದ್ದಾಗ, ಮಂದಿರಕ್ಕೆ ಬೆಂಕಿ ಬಿದ್ದು ರಂಗವೂ ಪ್ರೇಕ್ಷಾಂಗಣವೂ ದಗ್ಧವಾದವು. ಕಲಾವಿದರು ಕಣ್ಣೀರಿಟ್ಟರು. ಸರ್ಕಾರವು ಪುನರ್ನಿರ್ಮಾಣದ ಭರವಸೆ ಕೊಟ್ಟು ಆ ಕಾರ್ಯವನ್ನು ಕೈಗೆತ್ತಿಕೊಂಡಿತು.

ಸುಟ್ಟ ತೊಲೆಯ ಬದಲು ಹೊಸ ತೊಲೆಯನ್ನು ಏರಿಸಬಹುದು, ಆಸನಗಳನ್ನು ಹಾಕಬಹುದು. ಅದು ಆಗಲೇಬೇಕಾದ ಕೆಲಸ. ಅಷ್ಟಕ್ಕೇ ಜೀರ್ಣೋದ್ಧಾರ ಪೂರ್ತಿಯಾಯಿತೆಂದು ಮಾತ್ರ ನಾನು ಒಪ್ಪಲಾರೆ. ಬಡವರ ಹುಡುಗರೂ ಕಡಿಮೆ ಬಾಡಿಗೆಯಲ್ಲಿ ಅಲ್ಲಿ ನಾಟಕವಾಡುವಂತಿರಬೇಕು. ಕನ್ನಡದ ಮಂಡಳಿಗಳಿಗೂ ಅಲ್ಲಿ ಆದರದ ಆಹ್ವಾನವಿರಬೇಕು. ಹುಬ್ಬಳ್ಳಿಯಲ್ಲಿ ಕಂಪನಿ ಕಟ್ಟಿದ ಕೊಲ್ಲಾಪುರದ ಯುವಕನಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೊಂದು ನನಗೆ ತೋರದು.