ಡೆಲಿವರಿಗೆ ಬಾರದ ಕಾರು

ಹಳೇ ರೇಸ್ ಕಾರುಗಳ ತದ್ರೂಪು ಮಾಡಿಸಿಕೊಂಡು, ಅದನ್ನು ಟ್ರಕ್ಕಿನಿಂದ ಇಳಿಸಿಕೊಳ್ಳುವ ವಿಡಿಯೋಗಳನ್ನು ನಮ್ಮ ಹಾಸ್ಟೆಲಿನಲ್ಲಿ ನೋಡದವರು ಕಡಿಮೆ. ಅದರಲ್ಲೂ ಬುಗಾಟಿ ಟೈಪ್ 35 ಅಂದ್ರೆ ಮೆಕ್ಯಾನಿಕಲ್‌ನವರು ಊಟ ಬಿಟ್ಟು ನೋಡ್ತಾರೆ. 1924ರಲ್ಲಿ ಫ್ರಾನ್ಸಿನಲ್ಲಿ ಮೊದಲು ರೇಸಿಗಿಳಿದ ಕಾರು ಅದು. ಅದರ ತದ್ರೂಪನ್ನು ಆರ್ಡರ್ ಮೇಲೆ ಮಾಡಿಕೊಟ್ಟು ಹೆಸರು ಮಾಡಿರುವ ವರ್ಕ್‌ಶಾಪ್ ಇರುವುದು ಅರ್ಜೆಂಟೀನಾದ ಪರಾನಾ ಎಂಬ ಊರಿನಲ್ಲಿ. ಅಲ್ಯೂಮಿನಿಯಂ ಚಕ್ರವನ್ನು ಎರಕ ಹೊಯ್ಯುವುದರಿಂದ ಹಿಡಿದು ಹೆಚ್ಚುಕಡಿಮೆ ಎಲ್ಲ ಭಾಗಗಳನ್ನೂ ಅವರೇ ಮಾಡ್ತಾರೆ. ಕಾರು ನಕಲು ಇರಬಹುದು, ಕೆಲಸ ಮಾತ್ರ ನಕಲಲ್ಲ.

ಆ ಬುಗಾಟಿ ಟ್ರ್ಯಾಕಿಗೆ ಬಂದ 1924ರಲ್ಲಿ, ಅರವತ್ತು ದಾಟಿದ ಒಬ್ಬ ನಿವೃತ್ತ ದಿವಾನರು ನಮ್ಮ ಪಕ್ಕದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲೆಕ್ಕ ಬಿಡಿಸ್ತಾ ಇದ್ದರು. ಮುಂದೆ ಅವರಿಗೂ ಕಾರಿನ ಹುಚ್ಚು ಹತ್ತಿತು. ಆದರೆ ಅವರಿಗೆ ಬೇಕಾಗಿದ್ದು ತಾವು ಓಡಿಸುವ ಕಾರಲ್ಲ, ಈ ದೇಶದಲ್ಲೇ ಹುಟ್ಟುವ ಕಾರು. ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಈ ಭಾಗವನ್ನು ಸೆಪ್ಟೆಂಬರ್ 15ರ ಭಾಷಣಗಳಲ್ಲಿ ನಾವಂತೂ ಕೇಳಿಲ್ಲ. ಅಲ್ಲಿ ಎರಡು ಮೋಂಬತ್ತಿಯ ಕತೆ ಬರುತ್ತೆ, ಕೆಆರ್‌ಎಸ್ ಬರುತ್ತೆ, ಕೇಕ್ ಬರುತ್ತೆ.

ಮೊದಲ ಭಾಗ ಎಲ್ಲರಿಗೂ ಗೊತ್ತಿರುವುದೇ. ಹುಟ್ಟಿದ್ದು ಮುದ್ದೇನಹಳ್ಳಿ. ಚಿಕ್ಕಂದಿನಲ್ಲೇ ತಂದೆ ಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಅಣೆಕಟ್ಟೆಗೆ ನೀರಿನ ಮಟ್ಟ ನೋಡಿ ತಾನಾಗಿಯೇ ತೆರೆದು ಮುಚ್ಚುವ ಗೇಟು ಮಾಡಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನ್. ಇಷ್ಟು ಸಾಕು. ನಮಗೆ ಬೇಕಾದದ್ದು ಭದ್ರಾವತಿ.

ಆ ಊರಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. ಕಾರ್ಖಾನೆ ಬರುವ ಮೊದಲೇ ಇದ್ದ ಹೆಸರು, ಕಾಕತಾಳೀಯ ನೋಡಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭದ್ರಾ ನದಿಯ ನೀರು, ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು, ಎಲ್ಲ ಹತ್ತಿರವೇ ಇತ್ತು. ಇಲ್ಲದೇ ಇದ್ದದ್ದು ಕಲ್ಲಿದ್ದಲು. ಬಂಗಾಳದ ಕಡೆಯಿಂದ ತರಿಸಿದರೆ ಸಾಗಾಟಕ್ಕೇ ದುಡ್ಡು ಸುರಿಯಬೇಕು. ಹಾಗಾಗಿ ಮಲೆನಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದಲೇ ಅದಿರು ಕರಗಿಸುವ ಯೋಜನೆ ಹಾಕಿದರು. ಮರ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ತಣಿಸಿ ಟಾರು, ಮರದ ಸ್ಪಿರಿಟ್ಟು ತೆಗೆಯುವ ವ್ಯವಸ್ಥೆ. ಅದಕ್ಕೇ ಕಾರ್ಖಾನೆಯ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಮರ ಭಟ್ಟಿ ಇಳಿಸುವುದೇ ಇತ್ತು. ಇದ್ದಿಲಿನ ಕಬ್ಬಿಣಕ್ಕೆ ಇನ್ನೊಂದು ಗುಣ ಉಂಟು: ಗಂಧಕ ಕಡಿಮೆ. ಗಂಧಕ ಜಾಸ್ತಿಯಾದ ಉಕ್ಕು ಕೆಂಪಗೆ ಕಾಯಿಸಿ ಬಡಿದರೆ ಬಿರುಕು ಬಿಡುತ್ತೆ ಅಂತ ಮೆಟಲರ್ಜಿ ಪೇಪರಿನಲ್ಲಿ ಬರೆದಿರ್ತೀವಲ್ಲ, ಅದೇ. ಕಾಡಿಗಾದ ನಷ್ಟವನ್ನು ಈ ಗುಣದ ಹೆಸರಲ್ಲಿ ಮುಚ್ಚಿಡೋಕಾಗಲ್ಲ ಅನ್ನುವುದೂ ಅಷ್ಟೇ ನಿಜ.

1918ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದ ಸಲಹೆಗಾರರು ಬಂದರು. 1923ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯುವ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆಯೇ ಬಿದ್ದುಹೋಗಿತ್ತು. ಅಂದುಕೊಂಡಿದ್ದಕ್ಕಿಂತ ಖರ್ಚು ಜಾಸ್ತಿ, ಆದಾಯ ಕಡಿಮೆ. ಸಂಸ್ಥಾನದ ದುಡ್ಡನ್ನು ಕಾಡಿನಲ್ಲಿ ಸುಟ್ಟರು ಅನ್ನುವ ಮಾತು ಎದ್ದಿತು. ದಿವಾನಗಿರಿ ಬಿಟ್ಟು ನಾಲ್ಕು ವರ್ಷ ದಾಟಿದ್ದ ವಿಶ್ವೇಶ್ವರಯ್ಯನವರು ಇದು ನನ್ನ ತಲೆನೋವಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಕರೆದಾಗ ಬಂದು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತರು. ಖರ್ಚು ಬಿಗಿಮಾಡಿದರು. ಹೊರಗಿನ ತಜ್ಞರ ಜಾಗಕ್ಕೆ ಮೈಸೂರಿನ ಹುಡುಗರನ್ನು ತರಬೇತಿ ಕೊಟ್ಟು ಕೂರಿಸಿದರು. ನಮ್ಮ ಪ್ರಕಾರ ಕುಲುಮೆ ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ ಇದೇ. ಈ ಸೇವೆಗೆ ತಮಗೆ ಬರಬೇಕಾದ ಸಂಭಾವನೆಯನ್ನು ಅವರು ಮುಟ್ಟಲಿಲ್ಲ. ಅದು ತಾಂತ್ರಿಕ ಶಿಕ್ಷಣಕ್ಕೆ ಹೋಗಲಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಅಂದರೆ ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್, ಅದರ ಫಲ. ಅದಕ್ಕೂ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರು ಇಡಿಸಿದರು.

ಕಾರಿನ ಕತೆ ಶುರುವಾಗುವುದು ಇದರ ನಂತರ. ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಕಾರುಗಳಿರಲಿಲ್ಲ ಅಂತಲ್ಲ. 1928ರಲ್ಲೇ ಜನರಲ್ ಮೋಟಾರ್ಸ್‌ನವರು ಮುಂಬಯಿಯಲ್ಲಿ ಜೋಡಣೆ ಶುರುಮಾಡಿದ್ದರು, ಹಿಂದೆಯೇ ಫೋರ್ಡ್ ಬಂತು. ಭಾಗಗಳು ಹಡಗಿನಲ್ಲಿ ಪೆಟ್ಟಿಗೆಗಳಾಗಿ ಬರುತ್ತಿದ್ದವು, ಇಲ್ಲಿನವರು ಬೋಲ್ಟು ಬಿಗಿದು ಹೊರಗೆ ಬಿಡುತ್ತಿದ್ದರು. ವಿಶ್ವೇಶ್ವರಯ್ಯನವರ ತಕರಾರು ಇದ್ದದ್ದು ಇಲ್ಲೇ. ಸ್ಪ್ಯಾನರ್ ಹಿಡಿಯುವುದು ಕಲಿತರೆ ಕಾರು ಮಾಡುವುದು ಕಲಿತ ಹಾಗಲ್ಲ. ಕ್ರ್ಯಾಂಕ್‌ಶಾಫ್ಟಿಗೆ ಒಂದು ಉಕ್ಕು, ಗೇರಿಗೆ ಇನ್ನೊಂದು, ಸ್ಪ್ರಿಂಗಿಗೆ ಮತ್ತೊಂದು. ಎರಕ, ಫೋರ್ಜಿಂಗ್, ಟೈರು, ಗಾಜು, ಬಣ್ಣ, ಬ್ಯಾಟರಿ. ಒಂದು ಕಾರ್ಖಾನೆ ಎದ್ದರೆ ಅದರ ಸುತ್ತ ಹತ್ತಾರು ಕಸುಬು ಏಳಬೇಕು. ಭದ್ರಾವತಿಯಲ್ಲಿ ಆರು ವರ್ಷ ಕೂತು ನೋಡಿದವರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ.

1935ರಲ್ಲಿ ಯುರೋಪು, ಅಮೆರಿಕಕ್ಕೆ ಹೊರಟರು. ಎಪ್ಪತ್ತು ದಾಟಿದ್ದರು. ನಾವು ಒಂದು ಇಂಡಸ್ಟ್ರಿಯಲ್ ವಿಸಿಟ್ಟಿಗೆ ಹೋಗಿ ಬಂದು ಎರಡು ದಿನ ರಜೆ ಹಾಕ್ತೀವಿ. ಅವರು ಅಲ್ಲಿನ ಕಾರು ಕಾರ್ಖಾನೆಗಳನ್ನು ನೋಡಿ, ಬಂದ ಮೇಲೆ 1936ರಲ್ಲಿ ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಹಾಕುವ ಪೂರ್ತಿ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. 1937ರಲ್ಲಿ ಮುಂಬಯಿಯಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ನಿಂತಿತು. 1939ರಲ್ಲಿ ಯುದ್ಧ ಶುರುವಾಗಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು, ಬೆಂಬಲವೂ ಹೋಯಿತು. ವಾಲ್‌ಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ 1940ರಲ್ಲಿ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ಕೈಜೋಡಿಸಲು ಮುಂದೆ ಬಂತು. ಕಾರ್ಖಾನೆ ನಮ್ಮ ರಾಜ್ಯಕ್ಕೇ ಬರುವ ಹಾಗಾಯಿತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧದ ಹೊತ್ತಿನಲ್ಲಿ ಕಾರು ತುರ್ತಿನ ವಸ್ತು ಅಲ್ಲ, ಡಾಲರ್ ಕೊಡೋಕಾಗಲ್ಲ ಅನ್ನುವ ಧಾಟಿ.

ಇದರ ನಡುವೆ ಒಂದು ತಮಾಷೆ ನಡೆಯಿತು. ಕಾರಿನ ಕೆಲಸಕ್ಕೆ ಅಮೆರಿಕಕ್ಕೆ ಹೊರಟ ವಾಲ್‌ಚಂದ್ ಅವರಿಗೆ ದಾರಿಯಲ್ಲಿ ವಿಮಾನ ಕಂಪನಿಯೊಂದರ ಮುಖ್ಯಸ್ಥ ಸಿಕ್ಕ. ಆ ಪರಿಚಯ ಬೆಳೆದು, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಯುದ್ಧಕ್ಕೆ ವಿಮಾನ ಬೇಕಿತ್ತು, ಸರ್ಕಾರ ತಲೆಯಾಡಿಸಿತು. ಕಾರು ಕೇಳಿದ ರಾಜ್ಯಕ್ಕೆ ವಿಮಾನ ಸಿಕ್ಕಿತು. ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಎಚ್‌ಎಎಲ್ ಹೆಸರು ಕೇಳಿದಾಗ ಇದನ್ನೊಮ್ಮೆ ನೆನಪು ಮಾಡಿಕೊಳ್ಳಬಹುದು.

ವಾಲ್‌ಚಂದ್ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು, 1947ರಲ್ಲಿ ಮುಂಬಯಿಯ ಕುರ್ಲಾದಿಂದ ಗಾಡಿಗಳು ಹೊರಬಂದವು. ಅವೂ ಶುರುವಿನಲ್ಲಿ ಕ್ರೈಸ್ಲರ್ ಭಾಗಗಳನ್ನು ತರಿಸಿ ಜೋಡಿಸಿದವೇ. ಯಾವುದಕ್ಕೆ ವಿಶ್ವೇಶ್ವರಯ್ಯನವರ ತಕರಾರಿತ್ತೋ ಅಲ್ಲಿಂದಲೇ ಶುರು. ಒಳ್ಳೆಯದೋ ಕೆಟ್ಟದ್ದೋ, ಯೋಜನೆ ಬರೆದು ಹನ್ನೊಂದು ವರ್ಷ ಕಳೆದಿತ್ತು. ಮುಂದೆ ಅದೇ ಕಂಪನಿಯ ಫಿಯೆಟ್, ಪದ್ಮಿನಿ ಎಷ್ಟೋ ಮನೆಗಳ ಮೊದಲ ಕಾರಾದವು.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ನೂರು ತುಂಬಿತ್ತು.

ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರು ಬಂದದ್ದು ಅವರು ಹೋದ ಮೇಲೆ. ಅಷ್ಟು ಹೊತ್ತಿಗೆ ಇದ್ದಿಲಿನ ಕಾಲ ಮುಗಿದಿತ್ತು. ವಿಐಎಸ್‌ಎಲ್ ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಯಿತು. ರೈಲ್ವೆಗೆ, ರಕ್ಷಣಾ ಇಲಾಖೆಗೆ, ವಾಹನ ತಯಾರಕರಿಗೆ ಬೇಕಾದ ಉಕ್ಕು ಇಲ್ಲಿಂದ ಹೋಯಿತು. ಕಾರು ಬರಲಿಲ್ಲ, ಕಾರಿನೊಳಗಿನ ಉಕ್ಕು ನಮ್ಮೂರಿನ ಕುಲುಮೆಯಿಂದ ಹೋಯಿತು. ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಕೆಲಸ ಭಾಗಶಃ ಮತ್ತೆ ಶುರುವಾಯಿತು.