ಬಲ್ಮಠದ ಗುರು ಹೆರ್ಮನ್ ಮೋಗ್ಲಿಂಗ್

ಪುಣೆಯ ವಾಕಡ ಮತ್ತು ಅದರ ಸುತ್ತಣ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರಿಗೆ ಈ ನಗರದ ಕ್ರೈಸ್ತ ಗುರುಶಿಕ್ಷಣ ಶಾಲೆಗಳ ಪರಿಚಯವಿರಬಹುದು. ಪೇಪಲ್ ಸೆಮಿನರಿಯು 1955ರಲ್ಲಿ ಸಿಂಹಳದ ಕ್ಯಾಂಡಿಯಿಂದ ಇಲ್ಲಿಗೆ ಬಂದಿತು. ಯೂನಿಯನ್ ಬಿಬ್ಲಿಕಲ್ ಸೆಮಿನರಿಯು 1983ರಲ್ಲಿ ಯವತಮಾಳದಿಂದ ಬಂದಿತು. ಮನೆಯನ್ನು ತೊರೆದ ತರುಣರು ಇಂಥಲ್ಲಿ ವರ್ಷಗಟ್ಟಲೆ ಒಂದೇ ಸೂರಿನಡಿ ವಾಸಿಸಿ ಸಭಾಸೇವೆಗೆ ಸಿದ್ಧರಾಗುವರು. ಕನ್ನಡ ನುಡಿಯಲ್ಲಿ ಇಂಥ ಶಿಕ್ಷಣವು ಇವೆರಡಕ್ಕಿಂತ ಬಹು ಮೊದಲೇ ಮಂಗಳೂರಿನಲ್ಲಿ ನಡೆಯಿತೆಂಬುದನ್ನೂ, ಅದನ್ನು ಕಟ್ಟಿದವರು ಹೆರ್ಮನ್ ಮೋಗ್ಲಿಂಗರೆಂಬುದನ್ನೂ ನಾವು ಮರೆತಂತಿದೆ. ಪತ್ರಿಕೆಯವರಾದ ನಮಗಂತೂ ಅವರು ಮಂಗಳೂರ ಸಮಾಚಾರದ ಸಂಪಾದಕರಷ್ಟೆ.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಜನಿಸಿದರು. ಟ್ಯೂಬಿಂಗೆನ್ನಿನ ಹೆಸರಾಂತ ಗುರುವಿದ್ಯಾರ್ಥಿನಿಲಯದಲ್ಲಿ ದೇವವಿದ್ಯೆಯನ್ನು ಅಭ್ಯಸಿಸಿ, ಬಾಸೆಲ್ ಮಿಷನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ಮಿಷನ್ನಿನ ಕೆಲಸ ಪ್ರಾರಂಭವಾಗಿ ಆಗ ಎರಡೇ ವರ್ಷವಾಗಿತ್ತು.

ಪರದೇಶದಿಂದ ಬಂದ ಬೋಧಕನು ಎಷ್ಟೇ ಕನ್ನಡ ಕಲಿತರೂ ಈ ನಾಡಿನ ಸಭೆಯನ್ನು ನಡೆಸಬೇಕಾದವರು ಈ ನಾಡಿನವರೇ ಎಂಬುದು ಅವರ ದೃಢ ನಂಬಿಕೆ. ಆದ್ದರಿಂದ ಹುಡುಗರನ್ನು ಕೂಡಿಸಿ, ಅವರೊಡನೆಯೇ ವಾಸಿಸುತ್ತ, ಪಾಠ ಪ್ರಾರ್ಥನೆಗಳನ್ನು ನಡೆಸಿದರು. ಬಲ್ಮಠದ ಗುಡ್ಡದ ಮೇಲೆ 1847ರಲ್ಲಿ ಉಪದೇಶಿಗಳ ಸೆಮಿನರಿಯು ರೂಪುಗೊಂಡಿತು. ತಾವು ಸ್ವದೇಶದಲ್ಲಿ ಪಡೆದ ಸಹವಾಸದ ಶಿಕ್ಷಣವನ್ನೇ ಅವರು ಇಲ್ಲಿ ನೆಟ್ಟರೆಂದು ನಮಗೆ ತೋರುತ್ತದೆ.

ಆದರೆ ಟ್ಯೂಬಿಂಗೆನ್ನಿನಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುವುದು ದೊಡ್ಡ ಮಾತಲ್ಲ. ಮಂಗಳೂರಿನಲ್ಲಿ ಅದು ಕುಲವನ್ನೇ ಕಳೆದುಕೊಂಡಂತೆ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಹೊಂದಿದಾಗ ಊರೆಲ್ಲ ಕಲಕಿಹೋಯಿತು. ಹೆತ್ತವರ ದುಃಖವನ್ನು ಅಲ್ಪವೆಂದು ನಾವು ಹೇಳಲಾರೆವು. ಮತಾಂತರವೇ ಮೋಗ್ಲಿಂಗರ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಲೂ ಆರೆವು. ಗುರುವಿನ ಹೆಸರನ್ನೂ ತಾಳಿ ಹೆರ್ಮನ್ ಆನಂದರಾವ್ ಎನಿಸಿದ ಆ ತರುಣನನ್ನು ಮೋಗ್ಲಿಂಗರು ತಾವೇ ಬಾಸೆಲಿಗೆ ಕರೆದೊಯ್ದರು. ಅಲ್ಲಿಯ ಮಿಷನ್ ಮನೆಯಲ್ಲಿ ಜರ್ಮನ್ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ತಮ್ಮ ನಾಡಿನ ಸೆಮಿನರಿಯಲ್ಲಿ ಅಧ್ಯಾಪಕರಾದರು. ಶಿಷ್ಯನು ಗುರುಪೀಠಕ್ಕೇರಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ನಾಡಿನ ಜನರಿಗೆ ಬೋಧಿಸಹೊರಟವನು ಆ ಜನರ ಕಾವ್ಯವನ್ನರಿಯದಿದ್ದರೆ ಹೇಗೆ? ಮೋಗ್ಲಿಂಗರು ಹಳೆಯ ಓಲೆಗಳನ್ನು ಅರಸಿದರು. ಕಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ 1848ರಿಂದ 1853ರವರೆಗೆ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಕ್ರೈಸ್ತ ಪಾದ್ರಿಯೊಬ್ಬನು ಹರಿದಾಸರ ಹಾಡುಗಳನ್ನು ಅಚ್ಚುಹಾಕಿಸಿದನೆಂಬ ವಿಚಿತ್ರವನ್ನು ವಾಚಕರು ಗಮನಿಸಬೇಕು. ಅದಕ್ಕೂ ಮುಂಚೆ, 1843ರ ಜುಲೈ 1ರಂದು, ಅದೇ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಬಿದ್ದಿತ್ತು. ಜುಲೈ 1 ಇಂದಿಗೂ ಪತ್ರಿಕಾ ದಿನ.

ಅನಂತರ ಅವರು ಕೊಡಗಿಗೆ ತೆರಳಿದರು. 1855ರಲ್ಲಿ ಕೊಡಗಿನ ಇತಿಹಾಸದ ಗ್ರಂಥವೊಂದನ್ನು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಪತ್ನಿಯ ಅಸ್ವಾಸ್ಥ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಹೊರಟವರು ಮತ್ತೆ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು. ಕೌಂಡಿನ್ಯರು ಕೊಡಗಿನ ಆನಂದಪುರದಲ್ಲಿ ಭೂಮಿಯಿಲ್ಲದ ಹೊಲೆಯರಿಗೆ ನೆಲೆಯೊಂದನ್ನು ಕಟ್ಟಿ, 1893ರವರೆಗೆ ಬದುಕಿದ್ದರು.

1965ರಲ್ಲಿ ರೂಪುಗೊಂಡ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದೇ ಬಲ್ಮಠದ ಗುಡ್ಡದ ಮೇಲಿದೆ.