ಕೀ-ಹೋಲ್ ಆಪರೇಷನ್‌ನಲ್ಲಿ ಲೇಸರ್ ಇರುತ್ತದೆಯೇ? ಮಿದುಳು ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿ ಬಂದ ವೈದ್ಯ ಕುರ್ಟ್ ಸೆಮ್ ಕಥೆ

ಮನೆಯಲ್ಲಿ ಯಾರಿಗಾದರೂ ಅಪೆಂಡಿಕ್ಸ್ ಅಥವಾ ಪಿತ್ತಕೋಶದ ಆಪರೇಷನ್ ಆಗಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: ಹೊಟ್ಟೆ ಕೊಯ್ಯಲಿಲ್ಲವಂತೆ, ಲೇಸರ್‌ನಲ್ಲಿ ಮಾಡಿದರಂತೆ. ನಮ್ಮ ಊರುಗಳಲ್ಲಿ ಲ್ಯಾಪರೋಸ್ಕೋಪಿಗೆ ಲೇಸರ್ ಆಪರೇಷನ್ ಎಂಬ ಹೆಸರೇ ಅಂಟಿಕೊಂಡುಬಿಟ್ಟಿದೆ. ಆದರೆ ಈ ಆಪರೇಷನ್‌ಗೆ ಲೇಸರ್ ಬೇಕಿಲ್ಲ. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುತ್ತಾರೆ. ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ ಮೂರು ನಾಲ್ಕು ತೂತುಗಳ ಮೂಲಕ ಕ್ಯಾಮೆರಾ, ಕತ್ತರಿ, ಇಕ್ಕಳಗಳನ್ನು ಒಳಗೆ ಕಳಿಸುತ್ತಾರೆ. ಉಳಿದದ್ದೆಲ್ಲ ಹಳೆಯ ಕೆಲಸವೇ: ಕತ್ತರಿಸುವುದು, ರಕ್ತ ನಿಲ್ಲಿಸುವುದು, ಹೊಲಿಯುವುದು.

ಆದರೆ ಆ ಹೊಲಿಗೆಯನ್ನು ತೂತಿನ ಮೂಲಕ ಹಾಕುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮುಖ್ಯರು ಜರ್ಮನಿಯ ಕುರ್ಟ್ ಸೆಮ್. 1927ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅವರು ವೈದ್ಯರಾಗುವ ಮೊದಲು ಉಪಕರಣ ತಯಾರಿಸುವ ಕೆಲಸ ಕಲಿತಿದ್ದರು. ಲೋಹ ಕಡಿದು, ಉಜ್ಜಿ, ಹದಕ್ಕೆ ತರುವ ಕೆಲಸ. ಮುಂದೆ ಅವರ ಕುಟುಂಬದವರ ವೈದ್ಯಕೀಯ ಉಪಕರಣಗಳ ಕಂಪನಿಯೂ ಜೊತೆಗಿತ್ತು. ತಲೆಯಲ್ಲಿ ಹೊಳೆದದ್ದನ್ನು ಬೇಗನೆ ಮಾಡಿಸಿ ನೋಡುವ ಈ ಅನುಕೂಲ ಬೇರೆ ವೈದ್ಯರಿಗೆ ಇರಲಿಲ್ಲ.

ಮ್ಯೂನಿಕ್‌ನಲ್ಲೇ ವೈದ್ಯಕೀಯ ಓದಿದ ಸೆಮ್ ಸ್ತ್ರೀರೋಗ ತಜ್ಞರಾದರು. ಆಗ ಮಕ್ಕಳಾಗದ ಮಹಿಳೆಯರ ಗರ್ಭನಾಳ ತೆರೆದಿದೆಯೇ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡ್ ಹಾಯಿಸಿ ನೋಡುವ ಪರೀಕ್ಷೆಯಿತ್ತು. ಗ್ಯಾಸಿನ ಒತ್ತಡ ಅಳೆಯುವ ಪಾಠ ಅವರಿಗೆ ಸಿಕ್ಕಿದ್ದು ಅಲ್ಲಿ. ಹೊಟ್ಟೆಯೊಳಗೆ ನಳಿಗೆ ತೂರಿಸಿ ನೋಡುವ ವಿದ್ಯೆ ಆ ಹೊತ್ತಿಗೆ ಹೊಸದೇನೂ ಅಲ್ಲ. ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ 1901ರಲ್ಲೇ ನಾಯಿಯ ಮೇಲೆ ಅದನ್ನು ಮಾಡಿ ತೋರಿಸಿದ್ದರು. ಆದರೆ ಎಷ್ಟು ಗ್ಯಾಸ್ ಹೋಯಿತು, ಒಳಗೆ ಒತ್ತಡ ಎಷ್ಟಿದೆ ಎಂಬುದು ಅಂದಾಜಿನ ಲೆಕ್ಕವಾಗಿದ್ದರೆ ಜೀವಕ್ಕೇ ಅಪಾಯ. ಒತ್ತಡ ಹೆಚ್ಚಾದರೆ ಉಸಿರಾಟಕ್ಕೂ ಹೃದಯಕ್ಕೆ ರಕ್ತ ಮರಳುವುದಕ್ಕೂ ಅಡ್ಡಿಯಾಗುತ್ತದೆ. 1960ರ ದಶಕದಲ್ಲಿ ಸೆಮ್ ಒತ್ತಡವನ್ನು ತಾನೇ ಅಳೆದು ಹಿಡಿತದಲ್ಲಿಡುವ ಯಂತ್ರ ರೂಪಿಸಿದರು. ಇಂದು ಆಪರೇಷನ್ ಥಿಯೇಟರ್‌ಗಳಲ್ಲಿರುವ ಗ್ಯಾಸ್ ಯಂತ್ರಗಳ ಹಿಂದಿನ ತಲೆಮಾರು ಅದು.

ಎರಡನೆಯ ಅಪಾಯ ಸುಟ್ಟಗಾಯ. ವಿದ್ಯುತ್ ಹರಿಸಿ ರಕ್ತ ನಿಲ್ಲಿಸುವಾಗ ಕಿಡಿ ಪಕ್ಕದ ಕರುಳಿಗೆ ತಗುಲಿದರೆ ಅದು ದಿನಗಳ ನಂತರ ತೂತಾಗಬಹುದು. ಹಾಗಾಗಿ ಸೆಮ್ ವಿದ್ಯುತ್ತನ್ನು ದೇಹದೊಳಗೆ ಹರಿಸದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗುವ ಇಕ್ಕಳದಿಂದ ರಕ್ತ ನಿಲ್ಲಿಸುವ ಉಪಾಯ ಮಾಡಿದರು. ಹೊಲಿಗೆಗೆ ಅವರು ಎತ್ತಿಕೊಂಡದ್ದು ಟಾನ್ಸಿಲ್ ಆಪರೇಷನ್‌ನಲ್ಲಿ ಬಳಕೆಯಲ್ಲಿದ್ದ ಜಾರುಗಂಟನ್ನು. ದಾರದ ಕುಣಿಕೆಯನ್ನು ನಳಿಗೆಯ ಮೂಲಕ ಒಳಗಿಟ್ಟು ಹೊರಗಿನಿಂದ ಎಳೆದರೆ ಗಂಟು ಬಿಗಿಯುತ್ತದೆ. ಬಾವಿಗೆ ಬಿಟ್ಟ ಕೊಡದ ಕೊರಳಿನ ಹಗ್ಗ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅದೇ.

1970ರಲ್ಲಿ ಅವರು ಉತ್ತರ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಮಹಿಳಾ ಆಸ್ಪತ್ರೆಯ ಮುಖ್ಯಸ್ಥರಾದರು. ಬಂದವರೇ ತೂತಿನ ಮೂಲಕ ಆಪರೇಷನ್ ಮಾಡುತ್ತೇನೆ ಎಂದಾಗ ಅಲ್ಲಿನ ಸಹೋದ್ಯೋಗಿಗಳು ಇವರ ಮಿದುಳಿನಲ್ಲೇ ಏನೋ ದೋಷವಿರಬೇಕು ಎಂದು ಅನುಮಾನಪಟ್ಟು, ತಲೆಯ ಸ್ಕ್ಯಾನ್ ಮಾಡಿಸಿಕೊಳ್ಳುವಂತೆ ಪಟ್ಟುಹಿಡಿದರು. ಇದು ಈಗ ತಮಾಷೆಯಾಗಿ ಕಾಣುತ್ತದೆ. ಒಬ್ಬ ಪ್ರಾಧ್ಯಾಪಕನಿಗೆ ಹೊಸ ಊರಿನಲ್ಲಿ ಅದು ಹೇಗೆ ಅನ್ನಿಸಿರಬಹುದು!

1980ರ ಸೆಪ್ಟೆಂಬರ್‌ನಲ್ಲಿ ಸೆಮ್ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯಿಂದಲೇ ಪೂರ್ತಿಯಾಗಿ ಅಪೆಂಡಿಕ್ಸ್ ತೆಗೆದರು. ಸ್ತ್ರೀರೋಗ ತಜ್ಞರೊಬ್ಬರು ಸರ್ಜನ್‌ಗಳ ಅಂಗಳಕ್ಕೆ ಕಾಲಿಟ್ಟಂತಾಯಿತು. ಜರ್ಮನ್ ಸರ್ಜನ್‌ಗಳ ಸಂಘದ ಅಧ್ಯಕ್ಷರು ಇವರ ವೃತ್ತಿಗೆ ತಡೆ ಹಾಕಬೇಕೆಂದು ಸ್ತ್ರೀರೋಗ ತಜ್ಞರ ಸಂಘಕ್ಕೆ ಪತ್ರ ಬರೆದರು. ಅನೈತಿಕ ಆಪರೇಷನ್ ಎಂದು ಉಪನ್ಯಾಸದ ನಡುವೆ ಪ್ರೊಜೆಕ್ಟರ್ ಪ್ಲಗ್ ಕಿತ್ತದ್ದೂ ಉಂಟು. ಅಮೆರಿಕದ ಪತ್ರಿಕೆಯೊಂದು ಲೇಖನ ತಿರಸ್ಕರಿಸಿತು. ಕೊನೆಗೆ ಅದು 1983ರಲ್ಲಿ ಎಂಡೋಸ್ಕೋಪಿ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು.

ಇಲ್ಲಿ ವಿರೋಧಿಗಳನ್ನೆಲ್ಲ ಮೂರ್ಖರೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಪ್ಲಗ್ ಕಿತ್ತದ್ದು ತಪ್ಪೇ. ಆದರೆ ಹೊಸ ವಿಧಾನವೇ ಉತ್ತಮ ಎಂದು ಹೇಳಲು ಆಗ ಹೋಲಿಕೆಯ ಅಧ್ಯಯನಗಳಿರಲಿಲ್ಲ. ಸೆಮ್ ಅವರಿಂದ ಪ್ರೇರಿತರಾದ ಎರಿಕ್ ಮ್ಯೂಹೆ 1985ರಲ್ಲಿ ಬೋಬ್ಲಿಂಗೆನ್ ಎಂಬಲ್ಲಿ ಪಿತ್ತಕೋಶವನ್ನು ಹೀಗೆಯೇ ತೆಗೆದರು. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿ ಎಲ್ಲರೂ ಅದಕ್ಕೇ ಮುಗಿಬಿದ್ದರು. ಸರಿಯಾಗಿ ಕಲಿಯದೆ ಕೈಹಾಕಿದವರಿಂದ ಪಿತ್ತನಾಳಕ್ಕೆ ಪೆಟ್ಟಾದ ಪ್ರಕರಣಗಳೂ ಹೆಚ್ಚಿದವು. ಆ ಕಾಲದಲ್ಲಿ ಅಮೆರಿಕದ ಕೆಲವರು ಪಿತ್ತಕೋಶ ಬಿಡಿಸಲು ಲೇಸರ್ ಬಳಸಿದ್ದರು, ಆಮೇಲೆ ಅದರ ಅಗತ್ಯ ಕಾಣದೆ ಕೈಬಿಟ್ಟರು. ಹೆಸರು ಮಾತ್ರ ನಮ್ಮಲ್ಲಿ ಉಳಿದಿದೆ.

ಸೆಮ್ ಕೆಲಸ ಮಾಡಿದ ಜಾಗ ಸೊಂಟದ ಗೂಡು. ಅದೇ ಗೂಡಿನ ತಳದ ಇನ್ನೊಂದು ಕಾಯಿಲೆಗೂ ಈ ವಿದ್ಯೆ 1990ರ ದಶಕದ ಆರಂಭದಲ್ಲಿ ಬಂತು: ಗುದನಾಳ ಜಾರುವಿಕೆ. ಮಲವಿಸರ್ಜನೆಗೆ ಮುಕ್ಕಿದಾಗ ಗುದನಾಳವೇ ಕಾಲುಚೀಲ ಮಗುಚಿದಂತೆ ಹೊರಗೆ ಬರುತ್ತದೆ. ವಯಸ್ಕರಲ್ಲಿ 50 ದಾಟಿದ ಮಹಿಳೆಯರಿಗೇ ಇದು ಹೆಚ್ಚು. ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚುತ್ತಾ, ಸೊಸೆಗೂ ಹೇಳದೆ, ಬಟ್ಟೆ ಒದ್ದೆಯಾಗುವ ಭಯಕ್ಕೆ ಮದುವೆ ಮುಂಜಿಗೂ ಹೋಗದೆ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಇದು ಮೂಲವ್ಯಾಧಿಯಲ್ಲ. ವಯಸ್ಕರಲ್ಲಿ ಪೂರ್ತಿ ಜಾರಿದ ಗುದನಾಳ ಮುಲಾಮಿನಿಂದ ಸರಿಹೋಗುವುದೂ ಇಲ್ಲ.

ಆಪರೇಷನ್‌ನಲ್ಲಿ ಗುದನಾಳವನ್ನು ಮೇಲಕ್ಕೆಳೆದು, ಬೆನ್ನುಹುರಿಯ ಕೆಳಗಿನ ತ್ರಿಕಾಸ್ಥಿಗೆ ಹೊಲಿಗೆ ಅಥವಾ ಜಾಲರಿಯಿಂದ ಕಟ್ಟುತ್ತಾರೆ. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2015ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಹೊಟ್ಟೆ ಕೊಯ್ದು ಮಾಡುವುದಕ್ಕಿಂತ ಕೀ-ಹೋಲ್‌ನಲ್ಲಿ ತೊಡಕುಗಳು ಕಡಿಮೆ, ಆಸ್ಪತ್ರೆವಾಸವೂ ಕಡಿಮೆ. ಆದರೆ ಮತ್ತೆ ಜಾರುವ ಸಾಧ್ಯತೆ ಎರಡರಲ್ಲೂ ಇದೆ. ಪಕ್ಕದ ಕಟ್ಟುಗಳನ್ನು ಕತ್ತರಿಸಿದರೆ ಮತ್ತೆ ಜಾರುವುದು ಕಡಿಮೆ, ಮಲಬದ್ಧತೆ ಹೆಚ್ಚು. ಇದನ್ನು ತಪ್ಪಿಸಲು ಬೆಲ್ಜಿಯಂನ ಲ್ಯೂವೆನ್‌ನ ತಂಡವೊಂದು ಗುದನಾಳದ ಮುಂಭಾಗವನ್ನಷ್ಟೇ ಬಿಡಿಸಿ ಜಾಲರಿ ಹೊಲಿಯುವ ವಿಧಾನವನ್ನು 2004ರಲ್ಲಿ ಪ್ರಕಟಿಸಿತು. ಹಿಂದಿನ, ಪಕ್ಕದ ನರಗಳಿಗೆ ಕೈ ಹಚ್ಚುವುದಿಲ್ಲ. ಅಪರೂಪಕ್ಕೆ ಜಾಲರಿಯೇ ಸವೆದು ಒಳಗೆ ಚುಚ್ಚುವುದುಂಟು, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಮಲ ತಡೆಯಲಾಗದ ತೊಂದರೆ ಹಲವರಿಗೆ ಸುಧಾರಿಸುತ್ತದೆ, ಎಲ್ಲರಿಗೂ ಅಲ್ಲ. ಪೂರ್ಣ ಅರಿವಳಿಕೆ ತಾಳಲಾರದ ಹಿರಿಯರಿಗೆ ಹೊಟ್ಟೆ ಮುಟ್ಟದೆ ಕೆಳಗಿನಿಂದಲೇ ಮಾಡುವ ಆಪರೇಷನ್‌ಗಳೂ ಇವೆ.

ಸೆಮ್ 2003ರಲ್ಲಿ ಅಮೆರಿಕದ ಅರಿಜೋನಾದ ಟಕ್ಸನ್‌ನಲ್ಲಿ ತೀರಿಕೊಂಡರು. ಅವರು ಮಾಡಿಟ್ಟ ಇನ್ನೊಂದು ವಸ್ತುವನ್ನು ಹೇಳದೆ ಬಿಡಲಾಗದು. ಅದೊಂದು ಪೆಟ್ಟಿಗೆ, ಹೆಸರು ಪೆಲ್ವಿ-ಟ್ರೇನರ್. ಕಲಿಯುವವರು ರೋಗಿಯ ಮೇಲಲ್ಲ, ಆ ಪೆಟ್ಟಿಗೆಯ ತೂತುಗಳಲ್ಲಿ ಇಕ್ಕಳ ತೂರಿಸಿ ಗಂಟು ಹಾಕಿ ಬಿಚ್ಚಿ ಕೈ ಪಳಗಿಸಿಕೊಳ್ಳುತ್ತಿದ್ದರು. ಇಂದಿನ ಯುವ ಸರ್ಜನ್‌ಗಳೂ ಅಂಥದ್ದೇ ಪೆಟ್ಟಿಗೆಗಳ ಮುಂದೆ ನಿಂತು ಗಂಟು ಕಲಿಯುತ್ತಾರೆ.